ಕನಿಷ್ಠ ಆರ್ಡರ್: ನಲವತ್ತು ಜೊತೆ

ಉಲಾನ್‌ಬಾತರಿನ ಕಾರು ಸಂತೆಯಲ್ಲಿ
ಸಾಲುಗಟ್ಟಿ ನಿಂತ ಕಂಟೇನರುಗಳಲ್ಲಿ ಒಂದು ನನ್ನದು.
ಒಳಗೆ ಇದ್ದಿಲುಂಡೆಯ ಒಲೆ, ಉಪ್ಪು ಹಾಕಿದ ಹಾಲು-ಚಹಾ,
ಗೋಡೆ ತುಂಬ ಬ್ರೇಕ್ ಪ್ಯಾಡು, ಬೇರಿಂಗು, ಬುಷ್ಷು.
ಜಪಾನು ಹತ್ತು ವರ್ಷ ಓಡಿಸಿ ಕೈತೊಳೆದುಕೊಂಡ ಕಾರುಗಳು
ಇಲ್ಲಿ ಇನ್ನೂ ಹತ್ತು ವರ್ಷ ಓಡಬೇಕು.
ರಸ್ತೆಯೋ, ದೇವರಿಗೇ ಪ್ರೀತಿ:
ಹಿಮದ ಕೆಳಗೆ ಗುಂಡಿ, ಗುಂಡಿಯೊಳಗೆ ಹಳೆಯ ಹಿಮ.
ಅಕ್ಟೋಬರ್ ಬಂತೆಂದರೆ ಎಲ್ಲರದೂ ಒಂದೇ ಕೇಳಿಕೆ,
"ಅಕ್ಕಾ, ಮುಂದಿನ ಶಾಕ್ ಅಬ್ಸಾರ್ಬರ್ ಇದೆಯಾ?"

ಅಸಲಿ ಮಾಲು ಕೊಳ್ಳುವ ತ್ರಾಣ ಯಾರಿಗೂ ಇಲ್ಲ.
ಅದಕ್ಕೇ ರಾತ್ರಿ, ಬೆರಳು ಕತ್ತರಿಸಿದ ಕೈಗವಸಿನಲ್ಲಿ
ಫೋನು ಹಿಡಿದು ಕೂರುತ್ತೇನೆ.
ನಾಲ್ಕು ಎಂಟು ಐದು ಒಂದು ಸೊನ್ನೆ...
ಮಗ್ಗಿಯ ಹಾಗೆ ಬರುತ್ತದೆ ಬಾಯಿಗೆ ನಂಬರು.
ಮಗನ ಹುಟ್ಟಿದ ದಿನ ಮಾತ್ರ ಎಣಿಸಿ ಹೇಳಬೇಕು.

ಇಪ್ಪತ್ಮೂರು ಅಂಗಡಿ, ಒಂದೇ ಫೋಟೋ,
ಬಿಳಿ ಹಿನ್ನೆಲೆ, ಮೂಲೆಯಲ್ಲಿ ಅದೇ ಹೆಬ್ಬೆರಳ ನೆರಳು.
ಬೆಳ್ಳಗಿರುವುದೆಲ್ಲ ಹಾಲಲ್ಲ.
ಇಪ್ಪತ್ನಾಲ್ಕನೆಯವನದು ಮಸುಕು ಚಿತ್ರ:
ಸಿಮೆಂಟು ನೆಲ, ಎಣ್ಣೆ ಕಲೆ,
ಅಂಚಿನಲ್ಲಿ ಸ್ಲಿಪ್ಪರು ಮೆಟ್ಟಿದ ಒಂದು ಪಾದ.
ಅವನಿಗೇ ಬರೆದೆ.

ರೂಯಿಯಾನ್ ಊರಿನ ತ್ಸೈ ರೆನ್‌ಫು.
ನಡುವೆ ಭಾಷಾಂತರದ ಯಂತ್ರ.
"ಗೌರವಾನ್ವಿತ ಸಹೋದರ ಒಯೂನ್‌ಚಿಮೆಗ್" ಎಂದು ನನ್ನನ್ನು ಕರೆದು,
"ನಮ್ಮ ಆಘಾತ ಹೀರುವವರು ಎರಡು ವರ್ಷ ಅಳುವುದಿಲ್ಲ,
ನಲವತ್ತು ದಂಪತಿಗಳಿಗಿಂತ ಕಡಿಮೆ ಕೊಡುವುದಿಲ್ಲ" ಎಂದ.
ನನ್ನಲ್ಲಿದ್ದದ್ದು ಹನ್ನೆರಡು ಜೊತೆಯ ದುಡ್ಡು.
ಮೊದಲು ಒಂದು ಸ್ಯಾಂಪಲ್ಲು ಕಳಿಸು ಎಂದೆ.

ಹತ್ತೊಂಬತ್ತು ದಿನ. ಗಡಿಯಲ್ಲೇ ಎಂಟು.
ಬಂದದ್ದನ್ನು ಬಾಲ್ಕನಿಯಲ್ಲಿ
ಚಳಿಗಾಲಕ್ಕೆಂದು ತೂಗುಹಾಕಿದ ಕುದುರೆ ಮಾಂಸದ ಪಕ್ಕ ನಿಲ್ಲಿಸಿದೆ.
ಬೆಳಿಗ್ಗೆ ಮೈನಸ್ ಮೂವತ್ತೈದು.
ಒತ್ತಿದೆ. ಇಳಿಯಿತು.
ಮೇಲೇಳಲಿಲ್ಲ.
ಸೀಲಿನ ಸುತ್ತ ಒಂದು ತೊಟ್ಟು ಎಣ್ಣೆ,
ಜೇನಿನಷ್ಟು ಗಟ್ಟಿ.

ವಿಡಿಯೋ ಕಳಿಸಿದೆ. ಮೂರು ದಿನ ಉಸಿರಿಲ್ಲ ಅತ್ತಲಿಂದ.
ಹೊಳೆಯಲ್ಲಿ ಹುಣಿಸೆಹಣ್ಣು ಕಿವುಚಿದೆ ಅಂದುಕೊಂಡೆ.

ನಾಲ್ಕನೆಯ ರಾತ್ರಿ ಅವನದೂ ಒಂದು ವಿಡಿಯೋ:
ಭಾವನ ಮೀನಿನ ಶೀತಲ ಕೋಣೆ,
ಹಳದಿ ಮೀನಿನ ಪೆಟ್ಟಿಗೆಗಳ ನಡುವೆ
ತಾಯಿಯ ಹತ್ತಿ ಕೋಟು ತೊಟ್ಟು ನಡುಗುತ್ತಿದ್ದಾನೆ,
ರೆಪ್ಪೆಯಲ್ಲಿ ಮಂಜು, ಕಾಲಲ್ಲಿ ಅದೇ ಸ್ಲಿಪ್ಪರು.
ಏಳು ಬಗೆಯ ಸೀಲು, ಏಳು ಶಾಕ್ ಅಬ್ಸಾರ್ಬರು.
ಒಂದೊಂದನ್ನೇ ಒತ್ತುತ್ತಾನೆ.
ಐದು ಬಿದ್ದಲ್ಲೇ ಬಿದ್ದವು.
ಆರನೆಯದು ಮುದುಕಿ ಚಾಪೆಯಿಂದ ಏಳುವಂತೆ
ತಡವರಿಸಿ, ನಿಂತು, ಪೂರಾ ಎದ್ದಿತು.
ಏಳನೆಯದನ್ನು ಒತ್ತಲೇ ಇಲ್ಲ ಅವನು,
ಓಡಿ ಹೊರಗೆ ಹೋದ.

"ಇದಕ್ಕಿಂತ ಕೆಳಗೆ ಭಾವ ಇಳಿಸುವುದಿಲ್ಲ, ಕರೆಂಟ್ ಬಿಲ್ಲು.
ಈ ಸೀಲಿಗೆ ನಾಲ್ಕು ಯುವಾನ್ ಹೆಚ್ಚು.
ನಿಮ್ಮೂರಲ್ಲಿ ಜನ ಹೇಗೆ ಬದುಕುತ್ತಾರೆ?"
ಅದೊಂದು ವಾಕ್ಯವನ್ನು ಯಂತ್ರ ಕೆಡಿಸಿರಲಿಲ್ಲ.
"ಬಾಗಿಲನ್ನು ಬೇಗ ಮುಚ್ಚುತ್ತೇವೆ" ಎಂದು ಬರೆದೆ.
ಮತ್ತೆ, ಅಕ್ಕಿಯ ಮೇಲೂ ಆಸೆ ನೆಂಟರ ಮೇಲೂ ಪ್ರೀತಿ ನೋಡಿ,
ನಾಲ್ಕನ್ನು ಎರಡು ಮಾಡು ಎಂದೂ ಬರೆದೆ.
ಎರಡೂವರೆಗೆ ನಿಂತ.

ಪಕ್ಕದ ದುಲ್ಮಾ ಹತ್ತು ಜೊತೆ ಹಾಕಿದಳು,
ಬ್ಯಾಂಬದೋರ್ಜ್ ಎಂಟು, ಟೈರಿನ ಮುದುಕ ಆರು,
ಉಳಿದ ನಾಲ್ಕಕ್ಕೆ ತಂಗಿಯ ಬಳಿ ಕೈಸಾಲ.
ಮುಂಗಡ ಮೂವತ್ತು ಪರ್ಸೆಂಟ್ ಕಳಿಸುವಾಗ
ಬೆರಳು ಗುಂಡಿಯ ಮೇಲೆ ಬಹಳ ಹೊತ್ತು ನಿಂತಿತ್ತು.

ಮಾಲು ಬಂತು. ಎಣಿಸಿದೆ. ಎಂಬತ್ತು, ಸರಿ.
ಪರೀಕ್ಷೆಗೆ ಕೂತಿದ್ದ ಆ ಆರನೆಯದನ್ನೂ
ಲೆಕ್ಕಕ್ಕೆ ಸೇರಿಸಿ ಕಳಿಸಿದ್ದಾನೆ, ಜಿಪುಣ;
ಡಬ್ಬಿ ತೆರೆದೊಡನೆ ಗೊತ್ತಾಯಿತು.
ಟ್ಯಾಕ್ಸಿಯ ಗನ್‌ಸುಖ್ ಮೂಗರಳಿಸಿದ,
"ಏನಿದು ವಾಸನೆ?"
ಸಮುದ್ರ ಎಂದೆ.
ಹುಟ್ಟಿದಾಗಿನಿಂದ ಸಮುದ್ರ ಕಂಡವನಲ್ಲ ಅವನು, ನಾನೂ ಅಷ್ಟೇ.
ಮತ್ತೊಮ್ಮೆ ಮೂಸಿದ, ನಿಧಾನವಾಗಿ.
"ಹಾಗಾದರೆ ಎರಡು ಸಾವಿರ ತುಗ್ರಿಕ್ ಬಿಡು."

ಬಿಡಲಿಲ್ಲ.